ವಸಡು ಇಳಿದು ಹಲ್ಲಿನ ಬೇರು ಕಾಣುತ್ತಿದೆಯೇ? ಸರ್ಜರಿಗೆ ಮುಂಚೆ ಮತ್ತು ಆಮೇಲೆ ತಿಳಿದಿರಬೇಕಾದದ್ದು

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಲು ತಣ್ಣೀರು ಹಾಕಿಕೊಂಡಾಗ ನನ್ನ ಮೇಲಿನ ಕೋರೆಹಲ್ಲು ಜುಮ್ ಅಂದಿತು. ಕನ್ನಡಿಯಲ್ಲಿ ನೋಡಿದರೆ ಆ ಒಂದು ಹಲ್ಲು ಮಾತ್ರ ಪಕ್ಕದವಕ್ಕಿಂತ ಉದ್ದವಾಗಿತ್ತು. ಬುಡದಲ್ಲಿ ಹಳದಿ ಪಟ್ಟಿ. ಹಲ್ಲೇನೂ ಬೆಳೆದಿರಲಿಲ್ಲ, ವಸಡು ಹಿಂದೆ ಸರಿದಿತ್ತು. ಅದೇ ವರ್ಷ ಅಮ್ಮನಿಗೂ ಇದೇ ತೊಂದರೆ ಶುರುವಾಯಿತು. ಅವರದು ಕೆಳಗಿನ ಮುಂದಿನ ಹಲ್ಲು.

ನಮ್ಮಿಬ್ಬರಿಗೂ ಸರ್ಜರಿ ಆಯಿತು. ಆದರೆ ಒಂದೇ ಸರ್ಜರಿ ಅಲ್ಲ. ನನ್ನ ಹಲ್ಲಿನ ಬೇರು ಪೂರ್ತಿ ಮುಚ್ಚಿತು. ಅಮ್ಮನದು ಸ್ವಲ್ಪ ಮಾತ್ರ ಮುಚ್ಚಿತು, ಹಾಗೇ ಆಗುತ್ತದೆ ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಆಗ ನನಗೆ ಒಂದು ವಿಷಯ ಗಟ್ಟಿಯಾಯಿತು. ಯಾವ ಸರ್ಜರಿ ಎನ್ನುವುದು ಎರಡನೆಯ ಪ್ರಶ್ನೆ. ಸರ್ಜರಿಯಿಂದ ಏನು ಆಗಬೇಕು ಎನ್ನುವುದು ಮೊದಲನೆಯದು. ಬೇರು ಮುಚ್ಚಬೇಕಾ? ವಸಡು ದಪ್ಪ ಆಗಬೇಕಾ? ಅಥವಾ ಇನ್ನೂ ಇಳಿಯದೆ ಇದ್ದಲ್ಲೇ ನಿಂತರೆ ಸಾಕಾ? ಇದನ್ನು ಕೇಳದೆ ಸರ್ಜರಿಗೆ ಕೂತವರೇ ಆಮೇಲೆ "ದುಡ್ಡು ಹೋಯ್ತು, ಏನೂ ಆಗಲಿಲ್ಲ" ಎಂದು ಬೇಜಾರು ಮಾಡಿಕೊಳ್ಳುವುದು. ಹಾಗಾಗಿ ಈ ಲೇಖನ ಅಲ್ಲಿಂದಲೇ ಶುರುವಾಗುತ್ತದೆ.

ಹೆಜ್ಜೆ 1: ಯಾಕೆ ಇಳಿಯಿತು, ಮೊದಲು ಕಂಡುಹಿಡಿಯಿರಿ

ಹಲ್ಲಿನ ಮೇಲ್ಭಾಗಕ್ಕೆ ಎನಾಮಲ್ ಎಂಬ ಗಟ್ಟಿ ಕವಚ ಇದೆ. ಬೇರಿಗೆ ಅದಿಲ್ಲ. ಬೇರಿನ ಹೊರಪದರ ತೆಳು. ಅದು ಸವೆದರೆ ಕೆಳಗಿನ ಡೆಂಟಿನ್ ಕಾಣಿಸಿಕೊಳ್ಳುತ್ತದೆ. ಡೆಂಟಿನ್ ತುಂಬಾ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ. ತಣ್ಣೀರು ಅಥವಾ ಗಾಳಿ ತಾಗಿದಾಗ ಅವುಗಳೊಳಗಿನ ದ್ರವ ಅಲುಗುತ್ತದೆ, ಒಳಗಿನ ನರಕ್ಕೆ ಅದು ಗೊತ್ತಾಗುತ್ತದೆ. ಜುಮ್ ಅನ್ನುವುದು ಅದೇ.

ವಸಡು ಇಳಿಯಲು ಕಾರಣ ಒಂದೇ ಇರುವುದಿಲ್ಲ. ನನ್ನದು ಉಜ್ಜುವ ತಪ್ಪು. ಗಟ್ಟಿ ಬ್ರಷ್ ಹಿಡಿದು, ಪಾತ್ರೆ ತಿಕ್ಕಿದ ಹಾಗೆ ಅಡ್ಡಡ್ಡ ಉಜ್ಜುತ್ತಿದ್ದೆ. ಇದ್ದಿಲು, ಉಪ್ಪು, ಬೂದಿ, ಇಟ್ಟಿಗೆ ಪುಡಿ ಹಾಕಿ ಉಜ್ಜುವ ಮನೆಗಳು ನಮ್ಮ ಊರುಗಳಲ್ಲಿ ಈಗಲೂ ಇವೆ. ಅವು ಹಲ್ಲನ್ನೂ ವಸಡನ್ನೂ ಮರಳುಕಾಗದದಂತೆ ತೇಯುತ್ತವೆ. ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ ಬಾಯಲ್ಲಿ ಒಂದೇ ಕಡೆ ಇಟ್ಟುಕೊಳ್ಳುವವರಿಗೆ ಸರಿಯಾಗಿ ಅದೇ ಜಾಗದಲ್ಲಿ ವಸಡು ಇಳಿಯುತ್ತದೆ. ಹುಟ್ಟಿನಿಂದಲೇ ವಸಡು ತೆಳುವಾಗಿರುವವರು ಇರುತ್ತಾರೆ. ಹಲ್ಲು ಸಾಲಿನಿಂದ ಹೊರಗೆ ಚಾಚಿದ್ದರೆ ಅದರ ಮುಂದೆ ಮೂಳೆಯೂ ತೆಳು, ವಸಡೂ ತೆಳು. ತುಟಿಯ ಒಳಗಿನಿಂದ ವಸಡಿಗೆ ಬರುವ ಎಳೆ ತೀರಾ ಅಂಚಿಗೆ ಅಂಟಿಕೊಂಡಿದ್ದರೆ ಮಾತಾಡುವಾಗೆಲ್ಲ ವಸಡನ್ನು ಎಳೆಯುತ್ತದೆ. ಅಮ್ಮನಿಗೆ ಇದ್ದದ್ದು ಅದು, ಜೊತೆಗೆ ವರ್ಷಗಟ್ಟಲೆ ಕೂತಿದ್ದ ಗಾರೆ, ಅಂದರೆ ಹಲ್ಲಿನ ಬುಡದಲ್ಲಿ ಗಟ್ಟಿಯಾದ ಕೊಳೆ.

ಎಲ್ಲಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ, ವಸಡಿನ ರೋಗ. ಗಾರೆ ಕಟ್ಟಿ, ರಕ್ತ ಬಂದು, ಒಳಗಿನ ಮೂಳೆ ಕರಗಿ, ಅದರ ಹಿಂದೆಯೇ ವಸಡು ಇಳಿಯುವುದು. ಇಲ್ಲಿ ಇಳಿದ ವಸಡು ಬರೀ ಲಕ್ಷಣ. ಮೂಲ ರೋಗಕ್ಕೆ ಚಿಕಿತ್ಸೆ ಆಗದೆ ಮೇಲಿಂದ ವಸಡು ಮುಚ್ಚಲು ಹೋದರೆ ಪ್ರಯೋಜನ ಇಲ್ಲ.

ಹೆಜ್ಜೆ 2: ವಸಡು ತಜ್ಞರ ಹತ್ತಿರ ಅಳತೆ ಮಾಡಿಸಿ

ಎಲ್ಲ ದಂತವೈದ್ಯರೂ ಈ ಸರ್ಜರಿ ಮಾಡುವುದಿಲ್ಲ. ಬಿಡಿಎಸ್ ಮುಗಿಸಿ, ಆಮೇಲೆ ಮೂರು ವರ್ಷ ಪೆರಿಯೊಡಾಂಟಿಕ್ಸ್ ವಿಷಯದಲ್ಲಿ ಎಂಡಿಎಸ್ ಮಾಡಿದವರು ವಸಡು ತಜ್ಞರು. ಬೋರ್ಡಿನಲ್ಲಿ ಪೆರಿಯೊಡಾಂಟಿಸ್ಟ್ ಎಂದು ಬರೆದಿರುತ್ತಾರೆ. ಊರಿನ ಡಾಕ್ಟರನ್ನೇ ಕೇಳಿದರೆ ಕಳಿಸಿಕೊಡುತ್ತಾರೆ, ಎಷ್ಟೋ ಕ್ಲಿನಿಕ್‌ಗಳಿಗೆ ತಜ್ಞರು ವಾರಕ್ಕೊಮ್ಮೆ ಬಂದು ಹೋಗುತ್ತಾರೆ.

ಖರ್ಚು ಚಿಂತೆಯಾದರೆ ಡೆಂಟಲ್ ಕಾಲೇಜುಗಳನ್ನು ನೋಡಿ. ಕರ್ನಾಟಕದಲ್ಲಿ ಅವು ಬೇಕಾದಷ್ಟಿವೆ. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು, ಮಣಿಪಾಲ, ಮಂಗಳೂರು, ಧಾರವಾಡ, ದಾವಣಗೆರೆ, ಬೆಳಗಾವಿ, ಮೈಸೂರು, ಹೀಗೆ. ಅಲ್ಲಿ ಎಂಡಿಎಸ್ ಓದುತ್ತಿರುವವರು ಪ್ರೊಫೆಸರ್ ಕಣ್ಮುಂದೆ ಮಾಡುತ್ತಾರೆ. ಸಮಯ ಜಾಸ್ತಿ ಹಿಡಿಯುತ್ತದೆ, ಮೂರ್ನಾಲ್ಕು ಸಲ ಓಡಾಡಬೇಕಾಗುತ್ತದೆ. ಆದರೆ ಅವಸರವಿಲ್ಲದೆ ನೋಡುತ್ತಾರೆ, ಪ್ರತಿ ಹಂತವನ್ನೂ ಬರೆದಿಡುತ್ತಾರೆ, ಖರ್ಚೂ ಕಮ್ಮಿ. ಅಮ್ಮನಿಗೆ ಮಾಡಿಸಿದ್ದು ಒಂದು ಕಾಲೇಜಿನಲ್ಲೇ. ನನಗಂತೂ ಪೂರ್ತಿ ಸಮಾಧಾನ ಇದೆ.

ತಜ್ಞರು ಮಿಲಿಮೀಟರ್ ಗುರುತು ಇರುವ ತೆಳ್ಳನೆಯ ಕಡ್ಡಿಯಿಂದ ಅಳೆಯುತ್ತಾರೆ. ಬೇರು ಎಷ್ಟು ಕಾಣುತ್ತಿದೆ, ಹಲ್ಲಿಗೂ ವಸಡಿಗೂ ನಡುವಿನ ಸಂದು ಎಷ್ಟು ಆಳ, ಇಳಿದ ವಸಡಿನ ಕೆಳಗೆ ಗಟ್ಟಿ ವಸಡು ಇನ್ನೆಷ್ಟು ಉಳಿದಿದೆ. ಅದೇ ಕಡ್ಡಿಯನ್ನು ವಸಡಿನ ಒಳಗೆ ಇಟ್ಟಾಗ ಹೊರಗಿನಿಂದ ಅದು ಕಂಡರೆ ವಸಡು ತೆಳು ಎಂದು ಅರ್ಥ. ಎಕ್ಸ್‌ರೇಯಲ್ಲಿ ಮೂಳೆ ನೋಡುತ್ತಾರೆ. ಈ ಅಂಕಿಗಳನ್ನು ಬರೆಸಿಕೊಳ್ಳಿ. ಫೋಟೋನೂ ತೆಗೆಸಿಕೊಳ್ಳಿ. ಆರು ತಿಂಗಳಾದ ಮೇಲೆ ಹೋಲಿಸಲು ಬೇರೆ ದಾರಿ ಇಲ್ಲ.

ಹೆಜ್ಜೆ 3: ಹಲ್ಲುಗಳ ನಡುವಿನ ವಸಡು ನೋಡಿ, ಉತ್ತರ ಅಲ್ಲಿದೆ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎರಡು ಹಲ್ಲುಗಳ ಸಂದಿಯಲ್ಲಿ ತ್ರಿಕೋನದ ಆಕಾರದ ವಸಡು ಇರುತ್ತದೆ. ಅದರ ಕೆಳಗೆ ಮೂಳೆ. ಮುಂದಿನ ವಸಡು ಎಷ್ಟೇ ಇಳಿದಿದ್ದರೂ, ಸಂದಿಯ ವಸಡೂ ಮೂಳೆಯೂ ಗಟ್ಟಿಯಾಗಿದ್ದರೆ ಬೇರು ಪೂರ್ತಿ ಮುಚ್ಚುವ ಸಾಧ್ಯತೆ ಚೆನ್ನಾಗಿದೆ. ಸಂದಿಯೇ ಕರಗಿ ಹಲ್ಲುಗಳ ನಡುವೆ ಕಪ್ಪು ಕಿಂಡಿ ಕಾಣುತ್ತಿದ್ದರೆ ಪೂರ್ತಿ ಮುಚ್ಚುವುದು ಕಷ್ಟ, ನಷ್ಟ ತೀರಾ ಜಾಸ್ತಿಯಾಗಿದ್ದರೆ ಯಾವ ಡಾಕ್ಟರ್ ಕೈಯಲ್ಲೂ ಆಗುವುದಿಲ್ಲ.

ಕಾರಣ ಸರಳ. ಬೇರು ಬಂಡೆ ಇದ್ದ ಹಾಗೆ. ಅದರ ಮೇಲ್ಮೈಯಲ್ಲಿ ರಕ್ತನಾಳ ಇಲ್ಲ. ಬಂಡೆಯ ಮೇಲೆ ಹಾಸಿದ ಹುಲ್ಲಿಗೆ ನೀರು ಅಕ್ಕಪಕ್ಕದ ಮಣ್ಣಿನಿಂದ ಬರಬೇಕು, ಅಲ್ವಾ? ಹಾಗೇ ಬೇರಿನ ಮೇಲೆ ಕೂರಿಸಿದ ವಸಡಿಗೆ ರಕ್ತ ಬರುವುದು ಪಕ್ಕದ ಸಂದಿಯ ವಸಡಿನಿಂದ, ಮೂಳೆಯ ಮೇಲಿನ ಪೊರೆಯಿಂದ ಮತ್ತು ಮೇಲೆ ಹೊದಿಸಿದ ವಸಡಿನಿಂದ. ಪಕ್ಕದ ಮಣ್ಣೇ ಕೊಚ್ಚಿಹೋಗಿದ್ದರೆ ನಡುವಿನ ಹುಲ್ಲು ಒಣಗುತ್ತದೆ.

ಇದನ್ನು ವರ್ಗ ಮಾಡಲು 1985ರಲ್ಲಿ ಮಿಲ್ಲರ್ ಎಂಬ ತಜ್ಞರು ನಾಲ್ಕು ಕ್ಲಾಸ್ ಮಾಡಿದರು. ಹಳೆಯ ಕೇಸ್ ಪೇಪರ್‌ಗಳಲ್ಲಿ ಈಗಲೂ "ಮಿಲ್ಲರ್ ಕ್ಲಾಸ್ 1" ಎಂದೆಲ್ಲ ಇರುತ್ತದೆ. 2011ರಲ್ಲಿ ಇಟಲಿಯ ಕೈರೊ ಎಂಬ ತಜ್ಞರು ಅದನ್ನು ಮೂರಕ್ಕೆ ಇಳಿಸಿದರು, ಈಗ ಹೆಚ್ಚಾಗಿ ಬಳಸುವುದು ಅದನ್ನೇ. ಆರ್‌ಟಿ ಎಂದರೆ ರಿಸೆಷನ್ ಟೈಪ್, ವಸಡು ಇಳಿದ ಬಗೆ. ಆರ್‌ಟಿ 1 ಎಂದರೆ ಸಂದಿಯಲ್ಲಿ ನಷ್ಟವೇ ಇಲ್ಲ, ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಆರ್‌ಟಿ 2ರಲ್ಲಿ ಸಂದಿಯಲ್ಲೂ ನಷ್ಟ ಇದೆ, ಆದರೆ ಮುಂದಿನ ಭಾಗದಷ್ಟೇ ಅಥವಾ ಅದಕ್ಕಿಂತ ಕಮ್ಮಿ. ಇಲ್ಲಿ ಸ್ವಲ್ಪ ಭಾಗವಾದರೂ ಮುಚ್ಚುತ್ತದೆ, ಕೆಲವರಿಗೆ ಪೂರ್ತಿಯೂ ಆಗುತ್ತದೆ. ಆರ್‌ಟಿ 3ರಲ್ಲಿ ಸಂದಿಯ ನಷ್ಟ ಮುಂದಿನದಕ್ಕಿಂತ ಜಾಸ್ತಿ. ಇಲ್ಲಿ ಪೂರ್ತಿ ಮುಚ್ಚುವ ಮಾತು ಯಾರಾದರೂ ಆಡಿದರೆ ಎರಡನೇ ಅಭಿಪ್ರಾಯ ಕೇಳಿ.

ಡಾಕ್ಟರನ್ನು ನೇರವಾಗಿ ಕೇಳಿ: "ನನ್ನದು ಯಾವ ಆರ್‌ಟಿ? ಎಷ್ಟು ಮಿಲಿಮೀಟರ್ ಮುಚ್ಚಬಹುದು?" ಒಳ್ಳೆಯ ಡಾಕ್ಟರ್‌ಗಳು ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ.

ಹೆಜ್ಜೆ 4: ಸರ್ಜರಿ ಬೇಕೇ ಬೇಕಾ?

ಎಲ್ಲರಿಗೂ ಬೇಡ. ನೋವಿಲ್ಲ, ಜುಮ್ ಅನ್ನುವುದಿಲ್ಲ, ಚೆನ್ನಾಗಿ ಉಜ್ಜಲು ಆಗುತ್ತಿದೆ, ವರ್ಷದಿಂದ ವರ್ಷಕ್ಕೆ ಅಳತೆ ಅಷ್ಟೇ ಇದೆ ಎಂದರೆ ಸುಮ್ನೆ ಬಿಟ್ಟು ಗಮನಿಸುತ್ತಿದ್ದರೆ ಸಾಕು. ಆದರೆ ವಸಡು ತೆಳುವಾಗಿದ್ದು, ಇಳಿಯುತ್ತಲೇ ಇದ್ದರೆ ಕಾಯುವುದರಲ್ಲಿ ಅರ್ಥ ಇಲ್ಲ.

ಬರೀ ಜುಮ್ ಅನ್ನುವುದಕ್ಕಾದರೆ ಮೊದಲು ಪೊಟ್ಯಾಶಿಯಂ ನೈಟ್ರೇಟ್ ಇರುವ ಸೆನ್ಸಿಟಿವ್ ಪೇಸ್ಟ್ ಬಳಸಿ ನೋಡಿ. ಎರಡು ದಿನಕ್ಕೆ ಬಿಡಬೇಡಿ, ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಕ್ಲಿನಿಕ್‌ನಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ಚುತ್ತಾರೆ. ಹಲ್ಲಿನ ಬುಡದಲ್ಲಿ ಕೊಡಲಿ ಏಟು ಬಿದ್ದಂತೆ ಕಚ್ಚು ಸವೆದಿದ್ದರೆ ಹಲ್ಲಿನ ಬಣ್ಣದ ಸಿಮೆಂಟ್ ತುಂಬುತ್ತಾರೆ. ಒಂದು ಎಚ್ಚರಿಕೆ: ಮುಂದೆ ಸರ್ಜರಿ ಮಾಡಿಸುವ ಯೋಚನೆ ಇದ್ದರೆ ಸಿಮೆಂಟ್ ಹಾಕಿಸುವ ಮೊದಲೇ ವಸಡು ತಜ್ಞರಿಗೆ ತೋರಿಸಿ. ಸಿಮೆಂಟ್ ಎಲ್ಲಿ ನಿಲ್ಲಬೇಕು, ವಸಡು ಎಲ್ಲಿಂದ ಶುರುವಾಗಬೇಕು ಎಂದು ಅವರು ಗೆರೆ ಹಾಕಿಕೊಡಬೇಕು.

ಕ್ಲಿಪ್ ಹಾಕಿಸುವ ಯೋಚನೆ ಇದ್ದರೂ ಹೇಳಿ. ಹಲ್ಲು ಹೊರಗೆ ಸರಿಸಬೇಕಾದರೆ ಕೆಲವರಿಗೆ ಮೊದಲೇ ವಸಡು ದಪ್ಪ ಮಾಡಿಸುತ್ತಾರೆ. ಹಲ್ಲು ಒಳಗೆ ಸರಿಸುವುದಾದರೆ ಮೊದಲು ಕ್ಲಿಪ್, ಆಮೇಲೆ ವಸಡು ಎನ್ನಬಹುದು.

ಹೆಜ್ಜೆ 5: ನೆಲ ಹದ ಮಾಡಿಕೊಳ್ಳಿ

ಸರ್ಜರಿಗೆ ಮುಂಚೆ ಹಲ್ಲು ಕ್ಲೀನಿಂಗ್ ಕಡ್ಡಾಯ. "ಕ್ಲೀನಿಂಗ್ ಮಾಡಿಸಿದ್ದಕ್ಕೇ ವಸಡು ಇಳಿಯಿತು, ಹಲ್ಲು ಸಡಿಲ ಆಯಿತು" ಎಂದು ಎಷ್ಟೋ ಜನ ನಂಬಿದ್ದಾರೆ. ನಿಜ ಏನೆಂದರೆ ಊದಿಕೊಂಡಿದ್ದ ವಸಡು ಬಾವು ಇಳಿದು ಕುಗ್ಗುತ್ತದೆ. ಗಾರೆ ಮುಚ್ಚಿಟ್ಟಿದ್ದ ಬೇರು ಹೊರಗೆ ಕಾಣುತ್ತದೆ. ನಷ್ಟ ಆಗಿದ್ದು ಮುಂಚೆಯೇ, ಕಂಡಿದ್ದು ಈಗ.

ಕ್ಲೀನಿಂಗ್ ಆಗಿ ಕೆಲವು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ಆ ಸಮಯದಲ್ಲಿ ಉಜ್ಜುವ ರೀತಿ ಬದಲಿಸಿಕೊಳ್ಳಿ. ಮೆತ್ತನೆಯ ಬ್ರಷ್ ಇರಲಿ. ಅದನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನ ಹಾಗೆ ಬೆರಳುಗಳಲ್ಲಿ ಹಿಡಿಯಿರಿ, ಒತ್ತಡ ತಾನಾಗಿ ಕಮ್ಮಿ ಆಗುತ್ತದೆ. ಮೇಲಿನ ಹಲ್ಲುಗಳಿಗೆ ವಸಡಿನಿಂದ ಕೆಳಕ್ಕೆ, ಕೆಳಗಿನ ಹಲ್ಲುಗಳಿಗೆ ವಸಡಿನಿಂದ ಮೇಲಕ್ಕೆ ಉರುಳಿಸಿ. ನನಗೆ ಈ ಅಭ್ಯಾಸ ಕೂರಲು ತಿಂಗಳೇ ಹಿಡಿಯಿತು. ಹಳೆಯ ರೀತಿಯಲ್ಲೇ ಉಜ್ಜಿದರೆ ಸರ್ಜರಿಯಲ್ಲಿ ಬಂದ ವಸಡು ಮತ್ತೆ ಹೋಗುತ್ತದೆ.

ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡಬೇಕು. ಇದು ಉಪದೇಶ ಅಲ್ಲ. ತಂಬಾಕು ವಸಡಿನ ರಕ್ತ ಹರಿವನ್ನೇ ಕೆಡಿಸುತ್ತದೆ, ಕೂರಿಸಿದ ಕಸಿಗೆ (ಬೇರೆ ಕಡೆಯಿಂದ ತಂದು ಹಾಕುವ ಪದರಕ್ಕೆ) ಬೇಕಾದ್ದು ಅದೇ. ದಿನಾ ಸೇದುವವರಿಗೆ ಈ ಸರ್ಜರಿ ಮಾಡಲು ಎಷ್ಟೋ ತಜ್ಞರು ಒಪ್ಪುವುದೂ ಇಲ್ಲ. ಶುಗರ್ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ರಕ್ತ ಪರೀಕ್ಷೆ ಮಾಡಿಸಿ, ಹತೋಟಿಗೆ ಬಂದ ಮೇಲೆ ದಿನ ಗೊತ್ತು ಮಾಡಿ. ಹೃದಯದ ತೊಂದರೆ, ರಕ್ತ ತೆಳುಮಾಡುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಮಾತ್ರೆ ಅಥವಾ ಇಂಜೆಕ್ಷನ್, ಬಸಿರು, ಅಲರ್ಜಿ, ಎಲ್ಲವನ್ನೂ ಹೇಳಿ. ರಕ್ತ ತೆಳುಮಾಡುವ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಆ ತೀರ್ಮಾನ ಹೃದಯದ ಡಾಕ್ಟರದ್ದು.

ಹೆಜ್ಜೆ 6: ಸರ್ಜರಿಗಳು, ಒಂದೊಂದಾಗಿ

ಮೊದಲಿಗೆ ಒಂದು ಗೊಂದಲ ಬಗೆಹರಿಸುತ್ತೇನೆ. ನಮ್ಮ ಕ್ಲಿನಿಕ್‌ಗಳಲ್ಲಿ "ಫ್ಲ್ಯಾಪ್ ಸರ್ಜರಿ" ಎಂದರೆ ಸಾಮಾನ್ಯವಾಗಿ ವಸಡು ಬಿಡಿಸಿ ಒಳಗಿನ ಗಾರೆ, ಕೊಳೆತ ಭಾಗ ತೆಗೆಯುವ ಸರ್ಜರಿ. ಅದು ವಸಡಿನ ರೋಗಕ್ಕೆ. ಅದಾದ ಮೇಲೆ ಬೇರು ಇನ್ನೂ ಸ್ವಲ್ಪ ಜಾಸ್ತಿಯೇ ಕಾಣಬಹುದು. ಬೇರು ಮುಚ್ಚುವ ಸರ್ಜರಿ ಬೇರೆ. ಹೆಸರು ಕೇಳಿ ಎರಡೂ ಒಂದೇ ಎಂದುಕೊಂಡು ನಮ್ಮ ಪಕ್ಕದ ಮನೆಯವರು ತುಂಬಾ ನೊಂದುಕೊಂಡಿದ್ದರು.

ವಸಡನ್ನೇ ಎಳೆದು ಮುಚ್ಚುವುದು. ಇಳಿದ ವಸಡಿನ ಕೆಳಗೆ ಗಟ್ಟಿಯಾದ, ದಪ್ಪ ವಸಡು ಸಾಕಷ್ಟು ಉಳಿದಿದ್ದರೆ ಅದನ್ನೇ ಬಿಡಿಸಿ, ಸಡಿಲ ಮಾಡಿ, ಹಲ್ಲಿನ ಕಡೆಗೆ ಎಳೆದು ಹೊಲಿಯುತ್ತಾರೆ. ಗಾಯ ಒಂದೇ ಕಡೆ. ಬಣ್ಣ ಹೊಂದುತ್ತದೆ, ಯಾಕೆಂದರೆ ಅದು ಅಲ್ಲಿನದೇ ವಸಡು. ತೆಳು ವಸಡಿನವರಿಗೆ ಇದೊಂದನ್ನೇ ಮಾಡಿದರೆ ಮತ್ತೆ ಇಳಿಯುವ ಭಯ ಇರುತ್ತದೆ.

ಪಕ್ಕದಿಂದ ಸರಿಸುವುದು. 1956ರಲ್ಲಿ ಗ್ರೂಪ್ ಮತ್ತು ವಾರೆನ್ ಎಂಬಿಬ್ಬರು ಬರೆದ ವಿಧಾನ. ಪಕ್ಕದ ಹಲ್ಲಿನ ಮುಂದೆ ವಸಡು ದಂಡಿಯಾಗಿದ್ದರೆ ಅದನ್ನು ಓರೆಯಾಗಿ ಸರಿಸಿ ಬೇರಿನ ಮೇಲೆ ತರುತ್ತಾರೆ. ಒಂದೇ ಹಲ್ಲಿಗೆ ಸರಿ. ಕೊಡುವ ಹಲ್ಲಿನ ವಸಡು ತೆಳುವಾಗಿದ್ದರೆ ಅಲ್ಲೂ ಇಳಿಯಬಹುದು.

ಅಂಗುಳಿನ ಒಳಪದರದ ಕಸಿ. ನನಗೆ ಮಾಡಿದ್ದು ಇದು. 1985ರಲ್ಲಿ ಲ್ಯಾಂಗರ್ ಎಂಬ ಒಂದೇ ಹೆಸರಿನ ಇಬ್ಬರು ಇದನ್ನು ವಿವರಿಸಿದರು. ಬೇರು ಮುಚ್ಚುವ ಸರ್ಜರಿಗಳಲ್ಲಿ ಉಳಿದ ಎಲ್ಲವನ್ನೂ ಹೋಲಿಸಿ ನೋಡುವುದು ಇವತ್ತಿಗೂ ಇದರ ಜೊತೆಗೇ. ಅಂಗುಳಿನ ಚರ್ಮದ ಕೆಳಗೆ ಗಟ್ಟಿ ನಾರಿನ ಪದರ ಇದೆ. ಕೋರೆಹಲ್ಲಿನಿಂದ ಮೊದಲ ದವಡೆ ಹಲ್ಲಿನವರೆಗಿನ ಜಾಗದಲ್ಲಿ ಸಣ್ಣದಾಗಿ ಕೊಯ್ದು, ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ಪದರ ತೆಗೆಯುತ್ತಾರೆ. ಮೇಲಿನ ಚರ್ಮ ಹಾಗೇ ಉಳಿಸಿ ಹೊಲಿಯುತ್ತಾರೆ. ತೆಗೆದ ಪದರವನ್ನು ಬೇರಿನ ಮೇಲೆ ಇಟ್ಟು, ಅದರ ಮೇಲೆ ವಸಡನ್ನು ಎಳೆದು ಹೊದಿಸುತ್ತಾರೆ. ಕಸಿಗೆ ಕೆಳಗಿನಿಂದಲೂ ಮೇಲಿನಿಂದಲೂ ರಕ್ತ ಸಿಗುತ್ತದೆ. ಬೇರೂ ಮುಚ್ಚುತ್ತದೆ, ವಸಡೂ ದಪ್ಪ ಆಗುತ್ತದೆ. ಅದಕ್ಕೇ ವರ್ಷಗಳ ಮೇಲೂ ನಿಲ್ಲುತ್ತದೆ. ತೊಂದರೆ ಎಂದರೆ ಗಾಯ ಎರಡು ಕಡೆ. ನಿಜ ಹೇಳಬೇಕೆಂದರೆ ನನಗೆ ಹಲ್ಲಿನ ಕಡೆ ನೋವೇ ಗೊತ್ತಾಗಲಿಲ್ಲ, ಅಂಗುಳು ಮಾತ್ರ ನಾಲ್ಕು ದಿನ ಉರಿಯಿತು.

ಅಂಗುಳಿನ ಪೂರ್ತಿ ತೇಪೆ. ಅಮ್ಮನದು ಇದು. ಇಲ್ಲಿ ಚರ್ಮ ಸಮೇತ ಒಂದು ತುಂಡು ತೆಗೆದು, ಹಲ್ಲಿನ ಮುಂದೆ ಹಾಸಿ ಹೊಲಿಯುತ್ತಾರೆ. ಮೇಲೆ ಹೊದಿಕೆ ಇರುವುದಿಲ್ಲ. 1960ರ ದಶಕದಿಂದ ಇರುವ ವಿಧಾನ. ಕೆಳಗಿನ ಮುಂದಿನ ಹಲ್ಲುಗಳಿಗೆ ಇದು ತುಂಬಾ ಉಪಯೋಗ. ಅಲ್ಲಿ ಗಟ್ಟಿ ವಸಡೇ ಉಳಿದಿರುವುದಿಲ್ಲ, ತುಟಿ ಎಳೆದಾಗೆಲ್ಲ ಅಂಚು ಅಲುಗುತ್ತದೆ, ಬ್ರಷ್ ತಾಗಿದರೆ ನೋವು. ಅಂಥ ಕಡೆ ತುಟಿಯ ಎಳೆಯನ್ನೂ ಬಿಡಿಸಿ, ಗಟ್ಟಿ ವಸಡಿನ ಪಟ್ಟಿ ಹಾಕುತ್ತಾರೆ. "ಡಾಕ್ಟ್ರೇ, ಈ ವಯಸ್ಸಿಗೆ ಇದೆಲ್ಲ ಬೇಕಾ?" ಎಂದು ಅಮ್ಮ ಕೇಳಿದ್ದಕ್ಕೆ ಅವರು ಹೇಳಿದ್ದು, "ಅಂದಕ್ಕಲ್ಲ ಅಮ್ಮಾ, ನೀವು ನೋವಿಲ್ಲದೆ ಉಜ್ಜೋ ಹಾಗೆ ಆಗಲಿ ಅಂತ." ಬಣ್ಣ ಮಾತ್ರ ಸರಿಯಾಗಿ ಹೊಂದುವುದಿಲ್ಲ. ಅಂಗುಳಿನ ತಿಳಿ ಬಣ್ಣದ ತೇಪೆ ಹಾಗೇ ಉಳಿಯುತ್ತದೆ. ನಗುವಾಗ ಕಾಣುವ ಮೇಲಿನ ಹಲ್ಲುಗಳಿಗೆ ಇದನ್ನು ಸಾಮಾನ್ಯವಾಗಿ ಆರಿಸುವುದಿಲ್ಲ. ಅಂಗುಳಿನ ಗಾಯವೂ ತೆರೆದೇ ಇರುತ್ತದೆ, ಮಾಯಲು ಎರಡರಿಂದ ನಾಲ್ಕು ವಾರ ಬೇಕು. ಈ ಕಸಿಗೆ ಒಂದು ಒಳ್ಳೆಯ ಗುಣ ಇದೆ. ಕೆಲವರಿಗೆ ಮುಂದಿನ ತಿಂಗಳುಗಳಲ್ಲಿ ವಸಡಿನ ಅಂಚು ತಾನಾಗಿ ಹಲ್ಲಿನ ಕಡೆ ಸ್ವಲ್ಪ ತೆವಳಿ ಬರುತ್ತದೆ. ಇಷ್ಟೇ ಬರುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳುವಂತಿಲ್ಲ.

ಸುರಂಗ ವಿಧಾನಗಳು. ಸಾಲಾಗಿ ಮೂರ್ನಾಲ್ಕು ಹಲ್ಲುಗಳಲ್ಲಿ ವಸಡು ಇಳಿದಿದ್ದರೆ ಸಂದಿಯ ವಸಡನ್ನು ಕೊಯ್ಯದೆ, ಒಳಗಿನಿಂದ ಸುರಂಗದಂತೆ ಬಿಡಿಸಿ, ಅದರೊಳಗೆ ಕಸಿ ತೂರಿಸುತ್ತಾರೆ. ಹೊರಗೆ ಕೊಯ್ದ ಗೆರೆ ಕಾಣುವುದಿಲ್ಲ. 2011ರಲ್ಲಿ ಝಾದೆ ಬರೆದ "ವಿಸ್ಟಾ" ಇದೇ ಜಾತಿಯದು, ತುಟಿಯ ಎಳೆಯ ಹತ್ತಿರ ಒಂದೇ ಕಡೆ ಕೊಯ್ದು ಅಲ್ಲಿಂದ ಸುರಂಗ ಮಾಡುತ್ತಾರೆ. ಅಮೆರಿಕದ ಜಾನ್ ಚಾವೊ 2012ರಲ್ಲಿ ಪ್ರಕಟಿಸಿದ "ಪಿನ್‌ಹೋಲ್" ವಿಧಾನದಲ್ಲಿ ಸೂಜಿತೂತಿನಷ್ಟು ಸಣ್ಣ ಕಿಂಡಿಯಿಂದ ವಸಡು ಸಡಿಲ ಮಾಡಿ, ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್‌ನ ಪಟ್ಟಿ ತುರುಕಿ ನಿಲ್ಲಿಸುತ್ತಾರೆ. ಜಾಹೀರಾತು ಬಹಳ ಇದೆ. ಅಂಗುಳು ಕೊಯ್ಯುವುದಿಲ್ಲ ಎನ್ನುವುದು ದೊಡ್ಡ ಸಮಾಧಾನವೇ. ಆದರೆ ಇದಕ್ಕೂ ಸಂದಿಯ ನಿಯಮ ಅನ್ವಯಿಸುತ್ತದೆ, ಮತ್ತು ಅಂಗುಳಿನ ಕಸಿಯಷ್ಟು ದೀರ್ಘ ಕಾಲದ ಅನುಭವ ಇದಕ್ಕಿಲ್ಲ. ನನ್ನನ್ನು ಕೇಳಿದರೆ ಹೆಸರಿಗಿಂತ ಮಾಡುವವರ ಕೈ ಮುಖ್ಯ. ಅವರೇ ಮಾಡಿದ ಕೇಸುಗಳ ಒಂದು ವರ್ಷದ ನಂತರದ ಫೋಟೋ ತೋರಿಸಿ ಎಂದು ಕೇಳಿ.

ಅಂಗುಳಿನ ಬದಲಿಗೆ ಬೇರೆ ವಸ್ತು. ಇಲ್ಲಿ ಮೂಲ ಕೇಳುವುದು ನಿಮ್ಮ ಹಕ್ಕು. ಚರ್ಮದ ಪದರ ಎನ್ನುವುದು ಸಾಮಾನ್ಯವಾಗಿ ದಾನ ಬಂದ ಮನುಷ್ಯರ ಚರ್ಮದಿಂದ ಜೀವಕೋಶ ತೆಗೆದು ಮಾಡಿದ್ದು. ಕೊಲಾಜೆನ್ ಹಾಳೆಗಳು ಹಂದಿಯದು ಅಥವಾ ದನದ್ದು ಇರಬಹುದು. ಬೇರಿಗೆ ಹಚ್ಚುವ ಎಂಡೊಗೇನ್ ಎಂಬ ಜೆಲ್ ಹಂದಿಮರಿಯ ಮೊಳೆಯುವ ಹಲ್ಲಿನಿಂದ ಬಂದದ್ದು. ಆಹಾರ, ಧರ್ಮದ ಕಾರಣಕ್ಕೆ ಬೇಡ ಎನ್ನುವವರು ಸರ್ಜರಿಗೆ ಮೊದಲೇ ಹೇಳಬೇಕು. ನಮ್ಮಲ್ಲಿ ತುಂಬಾ ಕಡೆ ಮಾಡುವುದು ಪಿಆರ್‌ಎಫ್. ನಿಮ್ಮದೇ ಕೈಯಿಂದ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಬರುವ ಹಳದಿ ಜೆಲ್ಲಿಯನ್ನು ಒತ್ತಿ ಹಾಳೆ ಮಾಡುತ್ತಾರೆ. ಖರ್ಚು ಕಮ್ಮಿ, ಅಂಗುಳಿನ ಗಾಯದ ಮೇಲೆ ಇಟ್ಟರೂ ಬೇಗ ಮಾಯುತ್ತದೆ. ಆದರೆ ವಸಡು ದಪ್ಪ ಮಾಡುವುದರಲ್ಲಿ ಅದು ಅಂಗುಳಿನ ಕಸಿಗೆ ಸಮ ಅಲ್ಲ.

ಲೇಸರ್ ಹಾಕಿದರೆ ವಸಡು ಬೆಳೆಯುತ್ತದೆ ಎಂದು ಒಂದು ಕಡೆ ನನಗೆ ಹೇಳಿದ್ದರು. ಲೇಸರ್ ಕೊಯ್ಯುವ ಉಪಕರಣ. ತುಟಿಯ ಎಳೆ ಬಿಡಿಸಲು, ಜುಮ್ ಕಮ್ಮಿ ಮಾಡಲು ಬಳಸಬಹುದು. ಹೋದ ವಸಡನ್ನು ಅದೊಂದೇ ವಾಪಸ್ ತರುವುದಿಲ್ಲ. ಎಣ್ಣೆ ಮುಕ್ಕಳಿಸುವುದರಿಂದಲೂ ಬರುವುದಿಲ್ಲ.

ಹೆಜ್ಜೆ 7: ದಿನ ಗೊತ್ತು ಮಾಡುವಾಗ

ಮುಂದಿನ ಎರಡು ವಾರ ಖಾಲಿ ಇಟ್ಟುಕೊಳ್ಳಿ. ಮನೆಯಲ್ಲಿ ಮದುವೆ, ಗೃಹಪ್ರವೇಶ, ದೊಡ್ಡ ಹಬ್ಬ ಇದ್ದರೆ ಮುಂದಕ್ಕೆ ಹಾಕಿ, ಇದು ತುರ್ತು ಸರ್ಜರಿ ಅಲ್ಲ. ಹೊರದೇಶದಿಂದ ರಜೆಗೆ ಬಂದು ಮಾಡಿಸುವವರು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಹೊಲಿಗೆ ತೆಗೆಯುವವರೆಗಾದರೂ ಇಲ್ಲೇ ಇರಬೇಕು. ಖರ್ಚು ಕೇಳುವಾಗ "ಒಂದು ಹಲ್ಲಿಗಾ, ಒಂದು ಭಾಗಕ್ಕಾ, ಕಸಿಯ ವಸ್ತು ಸೇರಿಸಿಯಾ?" ಎಂದು ಬಿಡಿಸಿ ಕೇಳಿ, ಬರೆಸಿಕೊಳ್ಳಿ.

ಆ ದಿನ ಹೊಟ್ಟೆ ತುಂಬಾ ತಿಂಡಿ ತಿಂದು ಹೋಗಿ. ಇಡೀ ಸರ್ಜರಿ ಜೋಮು ಹಿಡಿಸುವ ಇಂಜೆಕ್ಷನ್‌ನಲ್ಲೇ ಆಗುತ್ತದೆ, ಎಚ್ಚರವಾಗಿರುತ್ತೀರಿ. ಒಂದು ಹಲ್ಲಿಗೆ ಒಂದರಿಂದ ಒಂದೂವರೆ ಗಂಟೆ. ಅಂಗುಳು ಮುಚ್ಚಲು ಪ್ಲಾಸ್ಟಿಕ್ ತಟ್ಟೆ ಮೊದಲೇ ಮಾಡಿಸಿಕೊಡಿ ಎಂದು ಕೇಳಿ. ಅದಿದ್ದರೆ ಊಟ ಮಾಡುವುದು ಎಷ್ಟೋ ಸಲೀಸು.

ಹೆಜ್ಜೆ 8: ಮೊದಲ ಎರಡು ವಾರ, ಎಲ್ಲವೂ ಇಲ್ಲೇ ಇದೆ

ಮಾವಿನ ಕಸಿ ಕಟ್ಟುವವರನ್ನು ನೋಡಿದ್ದೀರಾ? ಕಟ್ಟಿದ ಮೇಲೆ ಅದನ್ನು ಮುಟ್ಟಿ ನೋಡುವಂತಿಲ್ಲ. ಇಲ್ಲೂ ಹಾಗೇ. ಮೊದಲ ಎರಡು ಮೂರು ದಿನ ಕಸಿಗೆ ತನ್ನದೇ ರಕ್ತನಾಳ ಇರುವುದಿಲ್ಲ. ಸುತ್ತಲಿನ ದ್ರವ ಹೀರಿಕೊಂಡೇ ಬದುಕುತ್ತದೆ. ಆಮೇಲೆ ಹೊಸ ನಾಳಗಳು ನಿಧಾನವಾಗಿ ಒಳಗೆ ಬೆಳೆಯುತ್ತವೆ. ಆ ಸಮಯದಲ್ಲಿ ಕಸಿ ಅಲುಗಿದರೆ ಅವು ಹರಿದುಹೋಗುತ್ತವೆ. ತುಟಿ ಎತ್ತಿ ಕನ್ನಡಿಯಲ್ಲಿ ನೋಡುವುದು, ನೆಂಟರಿಗೆ ತೋರಿಸುವುದು, ಇದರಿಂದಲೇ ಕಸಿ ಹಾಳಾಗಬಹುದು. ದಯವಿಟ್ಟು ಮಾಡಬೇಡಿ.

ಮೊದಲ ದಿನ: ಕೆನ್ನೆಯ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ನಿಮಿಷ ಇಡಿ, ಹತ್ತು ನಿಮಿಷ ತೆಗೆಯಿರಿ. ಜೋರಾಗಿ ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಎಂಜಲು ಸ್ವಲ್ಪ ಕೆಂಪಾಗಿರುವುದು ಸಹಜ. ಅಂಗುಳಿನಿಂದ ರಕ್ತ ಬಂದರೆ ಒದ್ದೆ ಗಾಜ್ ಬಟ್ಟೆ ಇಟ್ಟು 20 ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮಧ್ಯೆ ತೆಗೆದು ನೋಡಬೇಡಿ. ನೋವಿನ ಮಾತ್ರೆಯನ್ನು ಜೋಮು ಬಿಡುವ ಮೊದಲೇ, ಬರೆದುಕೊಟ್ಟ ಹಾಗೆ ತೆಗೆದುಕೊಳ್ಳಿ. ರಾತ್ರಿ ತಲೆ ಕೆಳಗೆ ಒಂದು ದಿಂಬು ಜಾಸ್ತಿ.

ಎರಡನೇ ದಿನದಿಂದ: ಬರೆದುಕೊಟ್ಟ ಕ್ಲೋರ್‌ಹೆಕ್ಸಿಡಿನ್ ಔಷಧಿ ಬಾಯಲ್ಲಿ ಮೆಲ್ಲಗೆ ಆಡಿಸಿ. ಜೋರಾಗಿ ಗುಳುಗುಳು ಮಾಡುವುದು ಬೇಡ. ಉಳಿದ ಹಲ್ಲುಗಳನ್ನು ಪೇಸ್ಟ್‌ನಿಂದ ಉಜ್ಜಿದ ತಕ್ಷಣ ಇದನ್ನು ಹಾಕಿದರೆ ಔಷಧಿಯ ಶಕ್ತಿ ಕಮ್ಮಿ ಆಗುತ್ತದೆ, ಅರ್ಧ ಗಂಟೆ ಬಿಡಿ. ಹಲ್ಲಿನ ಮೇಲೆ ಕಂದು ಕಲೆ ಬರುತ್ತದೆ, ಕಾಫಿ ಕುಡಿಯುವವರಿಗೆ ಇನ್ನೂ ಜಾಸ್ತಿ. ರುಚಿಯೂ ಕೆಡುತ್ತದೆ. ಕಲೆಯನ್ನು ಆಮೇಲೆ ಕ್ಲಿನಿಕ್‌ನಲ್ಲಿ ತೆಗೆಯುತ್ತಾರೆ, ಗಾಬರಿ ಬೇಡ. ಸರ್ಜರಿ ಆದ ಜಾಗಕ್ಕೆ ಮಾತ್ರ ಎರಡು ಮೂರು ವಾರ ಬ್ರಷ್ ತಾಗಬಾರದು.

ಬಾವು ಎರಡು ಮೂರನೇ ದಿನ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ. ಪೂರ್ತಿ ತೇಪೆ ಹಾಕಿಸಿಕೊಂಡವರಿಗೆ ಮೊದಲ ವಾರ ಕಸಿಯ ಮೇಲ್ಮೈ ಬೆಳ್ಳಗೆ, ಬೂದು ಬಣ್ಣಕ್ಕೆ ತಿರುಗಿ ಸಿಪ್ಪೆ ಏಳುತ್ತದೆ. ಅಮ್ಮ "ಕೊಳೆತು ಹೋಯ್ತು" ಎಂದು ಅತ್ತೇಬಿಟ್ಟರು. ಮೇಲಿನ ಪದರ ಉದುರಿ ಕೆಳಗೆ ಹೊಸದು ಬರುವುದು ಹಾಗೇ. ಎರಡನೇ ವಾರಕ್ಕೆ ಗುಲಾಬಿ ಬಣ್ಣ ಬಂತು.

ಊಟದ ವಿಷಯ ಸ್ವಲ್ಪ ವಿವರವಾಗಿ. ಮೊದಲೆರಡು ದಿನ ತಣ್ಣಗಿನ ರಾಗಿ ಅಂಬಲಿ, ಆರಿದ ಗಂಜಿ, ನುಣ್ಣಗೆ ಕಿವುಚಿದ ಮೊಸರನ್ನ, ಕಡೆದ ಮಜ್ಜಿಗೆ. ಒಗ್ಗರಣೆ ಹಾಕಬೇಡಿ, ಸಾಸಿವೆ ಕಾಳು ಹೊಲಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೂರನೇ ದಿನದಿಂದ ಬೆಚ್ಚಗಿನ ಮೆತ್ತನೆಯ ಮುದ್ದೆ, ಖಾರವಿಲ್ಲದ ಬೇಳೆ ಸಾರು. ಮುದ್ದೆ ಅಗಿಯುವುದಿಲ್ಲ, ನುಂಗುವುದು, ಹಾಗಾಗಿ ನಮ್ಮ ಕಡೆಯವರಿಗೆ ಇದು ಅನುಕೂಲ. ಹಾಲಿನಲ್ಲಿ ನೆನೆಸಿದ ಇಡ್ಲಿ, ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಆಗುತ್ತದೆ. ಚಕ್ಕುಲಿ, ನಿಪ್ಪಟ್ಟು, ಖಾರ ಮಂಡಕ್ಕಿ, ಕಟಕ್ ರೊಟ್ಟಿ, ಉಪ್ಪಿನಕಾಯಿ, ಬಿಸಿಬಿಸಿ ಕಾಫಿ ಎರಡು ವಾರ ದೂರ ಇರಲಿ. ಸರ್ಜರಿ ಆಗದ ಕಡೆಯಲ್ಲೇ ತಿನ್ನಿ. ಒಂದು ವಾರ ಭಾರ ಎತ್ತುವುದು, ಓಡುವುದು, ಜಿಮ್ ಬೇಡ.

ಹೊಲಿಗೆ ಸಾಮಾನ್ಯವಾಗಿ 10ರಿಂದ 14ನೇ ದಿನಕ್ಕೆ ತೆಗೆಯುತ್ತಾರೆ.

ಇವು ಕಂಡರೆ ಕಾಯಬೇಡಿ, ತಕ್ಷಣ ಫೋನ್ ಮಾಡಿ: ಒತ್ತಿ ಹಿಡಿದರೂ ನಿಲ್ಲದ ರಕ್ತ, ಜ್ವರ, ಮೂರನೇ ದಿನದ ಮೇಲೂ ಏರುತ್ತಿರುವ ಬಾವು, ಕೀವು, ಕಸಿ ಸಡಿಲವಾಗಿ ಅಲುಗುವುದು. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕ್ಲಿನಿಕ್‌ಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಹೆಜ್ಜೆ 9: ಆರು ತಿಂಗಳು, ಒಂದು ವರ್ಷ

ಮೂರು ವಾರದ ಮೇಲೆ ಡಾಕ್ಟರ್ ಹೇಳಿದ ತುಂಬಾ ಮೆತ್ತನೆಯ ಬ್ರಷ್‌ನಿಂದ ಉರುಳಿಸಿ ಉಜ್ಜಲು ಶುರು ಮಾಡಿ. ಒಂದು ತಿಂಗಳಿಗೆ ನೋಡಿ "ಉಬ್ಬಿಕೊಂಡಿದೆ, ಚೆನ್ನಾಗಿಲ್ಲ" ಎಂದು ತೀರ್ಮಾನಿಸಬೇಡಿ. ಕಸಿ ಹದಕ್ಕೆ ಬರಲು ಆರು ತಿಂಗಳಾದರೂ ಬೇಕು. ಆಗ ಮೊದಲಿನ ಅಳತೆ ಮತ್ತು ಫೋಟೋ ಜೊತೆ ಹೋಲಿಸಿ. ಆಮೇಲೂ ಉಬ್ಬಿದ್ದರೆ ಸ್ವಲ್ಪ ತೇಯ್ದು ಸರಿ ಮಾಡುತ್ತಾರೆ.

ನನ್ನ ಕೋರೆಹಲ್ಲಿನಲ್ಲಿ 3 ಮಿಲಿಮೀಟರ್ ಬೇರು ಕಾಣುತ್ತಿತ್ತು, ವರ್ಷ ತುಂಬಿದಾಗ ಸೊನ್ನೆ. ಅಮ್ಮನದು 4 ಇದ್ದದ್ದು 2ಕ್ಕೆ ನಿಂತಿದೆ. ತೇಪೆಯ ತಿಳಿ ಬಣ್ಣ ಹತ್ತಿರದಿಂದ ನೋಡಿದರೆ ಈಗಲೂ ಕಾಣುತ್ತದೆ. ಆದರೆ ತುಟಿ ಎಳೆದರೆ ಅಂಚು ಅಲುಗುವುದಿಲ್ಲ, ಉಜ್ಜಿದರೆ ರಕ್ತ ಬರುವುದಿಲ್ಲ. ಆರು ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೆ ಹೋಗಿ ಅಳತೆ ಹಾಕಿಸಿಕೊಂಡು ಬರುತ್ತೇವೆ. ಅಮ್ಮನ ಇದ್ದಿಲ ಡಬ್ಬಿ ಇದ್ದ ಬಚ್ಚಲ ಗೂಡಿನಲ್ಲಿ ಈಗ ಎರಡು ಮೆತ್ತನೆಯ ಬ್ರಷ್ ಇವೆ.